ನಡುವಿನ ಸಾಲು

ಮಾರ್ಚ್ 3, ಸೋಮವಾರ

ಮನಸ್ಸಿನಲ್ಲಿರುವುದನ್ನು ಇನ್ನು ಮೇಲೆ ಇಲ್ಲೇ ಬರೆಯುವುದು. ಆಫೀಸಿನಲ್ಲಿ ಯಾರ ಹತ್ತಿರ ಬಾಯಿ ಬಿಟ್ಟರೂ ಸಂಜೆಯೊಳಗೆ ಅದು ಮ್ಯಾನೇಜರ್ ಕಿವಿಗೆ ಬಿದ್ದಿರುತ್ತದೆ. ಗೋಡೆಗೂ ಕಿವಿ ಇದೆ ಎನ್ನುತ್ತಾರೆ. ನಮ್ಮಲ್ಲಿ ಗೋಡೆಯೇ ಇಲ್ಲ, ಬರೀ ಗಾಜು.

ನನ್ನ ಕೆಲಸ ಅನುಮಾನ ಪಡುವುದು. ಬೇರೆಯವರು ಬರೆದ ಆ್ಯಪನ್ನು ಫೋನಿಗೆ ಹಾಕಿಕೊಂಡು ಎಲ್ಲಿ ಕೆಡುತ್ತದೆ ಎಂದು ಒತ್ತಿ, ಎಳೆದು, ನಡುವೆ ನೆಟ್ ಕಿತ್ತು, ಫೋನನ್ನು ಅಡ್ಡ ತಿರುಗಿಸಿ ನೋಡುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಟ್ಟಿದವರು ನಮ್ಮ ಕಸುಬಿನವರೇ ಇರಬೇಕು.

ಈಗ ಕೈಯಲ್ಲಿರುವುದು ‘ಕ್ಷೇಮ’. ವಯಸ್ಸಾದವರು ದಿನಾ ಬೆಳಿಗ್ಗೆ ‘ಚೆನ್ನಾಗಿದ್ದೇನೆ’ ಎಂಬ ಹಸಿರು ಗುಂಡಿ ಒತ್ತಬೇಕು. ಒತ್ತಿದರೆ ದೂರವಿರುವ ಮಗನಿಗೋ ಮಗಳಿಗೋ ‘ಅಮ್ಮ ಚೆನ್ನಾಗಿದ್ದಾರೆ’ ಎಂದು ಮೆಸೇಜು ಹೋಗುತ್ತದೆ. ಎರಡು ದಿನ ಒತ್ತದೇ ಇದ್ದರೆ ‘ಅಮ್ಮನಿಂದ ಉತ್ತರ ಬಂದಿಲ್ಲ, ದಯವಿಟ್ಟು ವಿಚಾರಿಸಿ’ ಎಂದು ಹೋಗುತ್ತದೆ. ಅವರು ಏನಾದರೂ ಬರೆದರೆ ಅಮ್ಮನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡುತ್ತದೆ.

ಹಿಂದಿನ ಸಲ ಆ್ಯಪ್ ಬಿಟ್ಟಾಗ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಹಸಿರು ಗುಂಡಿಯೇ ಪರದೆಯಿಂದಾಚೆ ಹೋಗಿಬಿಟ್ಟಿತ್ತು. ದೊಡ್ಡಕ್ಷರ ಬೇಕಾದವರಿಗೇ ಮಾಡಿದ ಆ್ಯಪು! ಬರೆದವನು ಸರಿಯಪ್ಪ, ಬೈಸಿಕೊಂಡವಳು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದರು. ನಗುತ್ತಾ ಹೇಳಿದ್ದನ್ನೇ ನಾನು ಹೆಚ್ಚು ನಂಬುತ್ತೇನೆ.

ಸರಿಯಪ್ಪ ಅವನ ನಿಜವಾದ ಹೆಸರಲ್ಲ. ಏನು ತಪ್ಪು ತೋರಿಸಿದರೂ ‘ನನ್ನ ಫೋನಲ್ಲಿ ಸರಿಯಾಗೇ ಇದೆಯಲ್ಲ ಮೇಡಂ’ ಎನ್ನುವುದರಿಂದ ನಾನಿಟ್ಟ ಹೆಸರು. ಹೋದ ವಾರ ಎಲ್ಲರ ಮುಂದೆ ಅವನ ಒಂದು ರಿಪೇರಿ ಬರೀ ತೇಪೆ ಎಂದು ತೋರಿಸಿದೆ. ‘ನಂಗೂ ಒಂದು ಕಾಲ ಬರುತ್ತೆ ಮೇಡಂ’ ಎಂದ.

ಇವತ್ತು ಪರೀಕ್ಷೆಗೆಂದು ಹೊಸ ಖಾತೆ ತೆರೆದೆ. ಹೆಸರು: ಅಮ್ಮ. ಮಗಳ ನಂಬರ್ ಕೇಳಿತು. ಬಾಯಿಗೆ ಬಂದದ್ದಲ್ಲ, ಬೆರಳಿಗೆ ಬಂದದ್ದು ಹಾಕಿದೆ: ಅಂಕಿಗಳ ನಡುವಿನ ಉದ್ದ ಸಾಲು, ಮೇಲಿಂದ ಇಳಿದು, ಕೆಳಗಿಂದ ಹತ್ತಿ, ಮತ್ತೆ ಇಳಿದು. ನಮ್ಮಲ್ಲಿ ಎಲ್ಲರೂ ಹೀಗೇ ಏನೋ ಒಂದು ಹಾಕುತ್ತಾರೆ. ಪರೀಕ್ಷೆಯ ಮೆಸೇಜುಗಳು ಆಫೀಸು ದಾಟಿ ಹೋಗುವುದಿಲ್ಲ. ಅದಕ್ಕೊಂದು ತಡೆ ಇದೆ, ನಾವು ಗೇಟು ಎನ್ನುತ್ತೇವೆ. ‘ಗೇಟು ಮುಚ್ಚಿದೆ ತಾನೆ?’ ಎಂದು ಸರಿಯಪ್ಪನನ್ನು ಕೇಳಿದೆ. ‘ಮುಚ್ಚಿದೆ ಮೇಡಂ’ ಎಂದ. ಗುಂಡಿ ಒತ್ತಿದೆ.

ಮಾರ್ಚ್ 5, ಬುಧವಾರ

ಪರೀಕ್ಷೆಯ ಫೋನಿನಲ್ಲಿ ಒಂದು ಉತ್ತರ ಕಾಣಿಸಿತು. ‘ಯಾರು?’

ಗೇಟು ಮುಚ್ಚಿದ್ದರೆ ಮೆಸೇಜು ಹೊರಗೆ ಹೋಗಿಲ್ಲ. ಹೊರಗೆ ಹೋಗದಿದ್ದರೆ ಹೊರಗಿನಿಂದ ಉತ್ತರ ಬರುವ ಹಾಗಿಲ್ಲ. ಅಂದಮೇಲೆ ಬರೆದವರು ಒಳಗಿನವರು. ಒಳಗೆ ಕೂತು ಹೀಗೆ ಉತ್ತರ ತುರುಕಲು ಬರುವುದು ಒಬ್ಬನಿಗೇ. ಇಷ್ಟು ಲೆಕ್ಕ ನನಗೂ ಬರುತ್ತದೆ.

ಸಂಜೆ ಅಮ್ಮನ ಫೋನು. ‘ಊಟಕ್ಕೆ ಏನ್ ಮಾಡ್ಕೊಂಡೆ?’ ದಿನಾ ಇದೇ ಪ್ರಶ್ನೆ. ಅಣ್ಣನ ಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಅತ್ತಿಗೆಯೂ ಕೇಳಿಸಿಕೊಳ್ಳುತ್ತಾಳೆ ಎಂದು ನನಗೆ ಗುಮಾನಿ. ಯಾವುದೋ ಗಂಡು ನೋಡಿಟ್ಟಿರಬೇಕು, ಮಾತು ತೆಗೆಯಲು ಸಂದು ಹುಡುಕುತ್ತಿದ್ದಾರೆ.

‘ಏನ್ ವಿಷ್ಯ ಅಮ್ಮ, ನೇರವಾಗಿ ಹೇಳು’ ಎಂದೆ.

‘ವಿಷ್ಯ ಏನೂ ಇಲ್ಲ ಕಣೇ.’

ವಿಷಯವೇ ಇಲ್ಲದೆ ಯಾರಾದರೂ ದಿನಾ ಫೋನ್ ಮಾಡುತ್ತಾರೆಯೇ?

ಮಾರ್ಚ್ 7, ಶುಕ್ರವಾರ

ನಿನ್ನೆ ‘ಅಮ್ಮ, ನೀನಾ?’ ಎಂದು ಬಂದಿತ್ತು. ಇವತ್ತು ಗುಂಡಿ ಒತ್ತಿ ಇನ್ನೂ ಕೈ ತೆಗೆದಿರಲಿಲ್ಲ, ‘ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದೀಯ. ಹೇಗೆ ಓಡಾಡ್ತಿದ್ದೀಯ?’ ಎಂದು ಬಂತು.

ಭೇಷ್. ಕನ್ನಡಕವಂತೆ. ದೊಡ್ಡಕ್ಷರದ ವಿಷಯ ಎತ್ತಿ ಚುಚ್ಚುವುದಕ್ಕೆ ಎಷ್ಟು ನಯವಾದ ದಾರಿ ಹುಡುಕಿದ್ದಾನೆ! ನಾನು ಇದನ್ನು ಆ್ಯಪಿನ ತಪ್ಪು ಎಂದು ವರದಿ ಮಾಡಬೇಕು, ಆಗ ಇವನು ಎಲ್ಲರ ಮುಂದೆ ‘ಅದು ನಾನೇ ಹಾಕಿದ್ದು, ಮೇಡಂ ಬಿದ್ದರು’ ಎಂದು ನಗಬೇಕು. ವರದಿ ಮಾಡಲಿಲ್ಲ.

ಕಾಫಿ ಯಂತ್ರದ ಹತ್ತಿರ ಸಿಕ್ಕಾಗ ‘ಕನ್ನಡಕ ಬದಲಾಯಿಸಿದ್ರಾ?’ ಎಂದು ಸುಮ್ಮನೆ ಕೇಳಿದೆ. ಅವನ ಕೈ ತಟ್ಟನೆ ಮೂಗಿನ ಮೇಲಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವನು ಕನ್ನಡಕ ಹಾಕುವವನೇ, ಅದು ನಿಜ. ಆದರೂ.

ಮಾರ್ಚ್ 11, ಮಂಗಳವಾರ

ಬಲೆ ಬೀಸಿದೆ. ಹಸಿರು ಗುಂಡಿಯ ಕೆಳಗೆ ಇನ್ನೊಂದಿದೆ, ‘ಬಂದು ನೋಡು’. ಅದನ್ನು ಒತ್ತಿ ಓರೆಗಣ್ಣಿನಿಂದ ಸರಿಯಪ್ಪನ ಮೇಜನ್ನೇ ನೋಡುತ್ತಾ ಕೂತೆ. ಅವನು ಬಾಳೆಹಣ್ಣು ಸುಲಿಯುತ್ತಿದ್ದ. ಎರಡೂ ಕೈ ಹಣ್ಣಿನ ಮೇಲಿದ್ದವು. ಅಷ್ಟರಲ್ಲೇ ನನ್ನ ಕೈಯಲ್ಲಿನ ಫೋನು ಸದ್ದು ಮಾಡಿತು.

‘ಎಲ್ಲಿಗೆ ಬರ್ಲಿ ಅಮ್ಮ?’

‘ಯಾವ ಊರು ಅಂತ ಯಾರ ಹತ್ರಾನಾದ್ರೂ ಬರೆಸು.’

ಮಧ್ಯಾಹ್ನ ಮತ್ತೆ: ‘ಬಸ್ ಸ್ಟ್ಯಾಂಡಿಗೆ ಬಂದಿದ್ದೀನಿ. ಯಾವ ಬಸ್ ಹತ್ಲಿ?’

ಹಾಗಾದರೆ ಅವನೊಬ್ಬನೇ ಅಲ್ಲ, ಜೊತೆಗಾರರಿದ್ದಾರೆ. ಹೆಂಡತಿಯೇ ಇರಬೇಕು. ಅವಳು ನಾಟಕದಲ್ಲಿ ಪಾತ್ರ ಮಾಡುತ್ತಾಳೆ ಎಂದು ಅವನೇ ಜಂಬ ಕೊಚ್ಚಿದ್ದ. ಕಂತೆಗೆ ತಕ್ಕ ಬೊಂತೆ.

ಮತ್ತೆ ‘ಚೆನ್ನಾಗಿದ್ದೇನೆ’ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು, ‘ಸರಿ. ಮನೆಗೆ ವಾಪಸ್ ಹೋಗ್ತೀನಿ. ನೀನು ಚೆನ್ನಾಗಿದ್ರೆ ಸಾಕು’ ಎಂದು ಬಂತು.

ಮಾರ್ಚ್ 12, ಬುಧವಾರ

ನಾಟಕವೇ ಆದರೂ ಚೆನ್ನಾಗಿ ಬರೆಯುತ್ತಾಳೆ ಸರಿಯಪ್ಪನ ಹೆಂಡತಿ. ‘ಮಂಡಿನೋವಿನ ಎಣ್ಣೆ ಮುಗಿದಿರಬೇಕಲ್ಲ’ ಎಂದು ಇವತ್ತು.

ಬೇಗ ಆಫೀಸಿಗೆ ಹೋಗಿದ್ದೆ. ಎಲ್ಲಕ್ಕಿಂತ ಮೊದಲು ಗುಂಡಿ ಒತ್ತಿದೆ. ಬಸ್ಸು ಬೇಗ ಸಿಕ್ಕಿತು, ಅದಕ್ಕೆ.

ಮಾರ್ಚ್ 14, ಶುಕ್ರವಾರ

ಇನ್ನು ಉಳಿದಿರುವುದು ಒತ್ತದಿರುವ ಪರೀಕ್ಷೆ. ಇವತ್ತು ಒತ್ತಲಿಲ್ಲ. ನಾಳೆಯೂ ಒತ್ತುವುದಿಲ್ಲ. ಹೋದ ವಾರದ ಹಾಗೆ ಮನೆಗೆ ಒಯ್ಯದೆ, ಶನಿವಾರ ಭಾನುವಾರ ಫೋನು ಆಫೀಸಿನ ಡ್ರಾಯರಿನಲ್ಲೇ ಇರುತ್ತದೆ. ಸೋಮವಾರ ನೋಡಿದರೆ ಎಚ್ಚರಿಕೆಯ ಮೆಸೇಜು ಸರಿಯಾಗಿ ಹೊರಟಿದೆಯೇ ಎಂದು ತಿಳಿಯುತ್ತದೆ. ಡ್ರಾಯರಿನೊಳಗೆ ಇಡುವಾಗ ಬೆರಳು ಹಸಿರು ಗುಂಡಿಯ ಮೇಲೆಯೇ ಇತ್ತು. ದಿನಾ ಮಾಡಿದ ಅಭ್ಯಾಸ.

ನಿನ್ನೆ ಅಮ್ಮ ಫೋನ್ ಮಾಡಲಿಲ್ಲ. ಇವತ್ತೂ ಇಲ್ಲ. ಬಿಗುಮಾನ. ನಾನೇ ಮಾಡಲಿ ಎಂದು ಕಾಯುತ್ತಿದ್ದಾಳೆ. ಮಾಡುವುದಿಲ್ಲ.

ಮಾರ್ಚ್ 16, ಭಾನುವಾರ

ಅತ್ತಿಗೆಗೆ ಫೋನ್ ಮಾಡಿದೆ, ರವಿಕೆ ಹೊಲಿಸಬೇಕಿತ್ತು ಎಂಬ ನೆಪ ಹೇಳಿ. ‘ಅತ್ತೆ ಫೋನು ನೀರಿಗೆ ಬಿತ್ತು, ರಿಪೇರಿಗೆ ಕೊಟ್ಟಿದ್ದೀವಿ’ ಎಂದಳು. ಯಾವ ನೀರಿಗೆ, ಹೇಗೆ ಬಿತ್ತು, ಯಾವ ಅಂಗಡಿಗೆ ಕೊಟ್ಟಿರಿ ಎಂದು ಕೇಳಿದೆ.

‘ಅಯ್ಯೋ ಪೊಲೀಸಮ್ಮ, ಅತ್ತೇನೇ ಕೇಳ್ಕೊ’ ಎಂದು ಅತ್ತಿಗೆ ಫೋನನ್ನು ಅಮ್ಮನಿಗೆ ಕೊಟ್ಟಳು. ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು.

‘ಊಟಕ್ಕೆ ಏನ್ ಮಾಡ್ಕೊಂಡೆ?’ ಎಂದಳು ಅಮ್ಮ.

ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನಾನು ಇಷ್ಟು ಹೆದರಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಏಕೋ ಆಫೀಸಿನ ಡ್ರಾಯರಿನಲ್ಲಿರುವ ಫೋನು ನೆನಪಿಗೆ ಬಂತು. ಅಲ್ಲಿ ಯಾರೂ ಇಲ್ಲ, ಬರೀ ಸರಿಯಪ್ಪನ ನಾಟಕ.

ಮಾರ್ಚ್ 17, ಸೋಮವಾರ

ಡ್ರಾಯರು ತೆಗೆದೆ. ಪರದೆಯ ತುಂಬಾ ದೊಡ್ಡಕ್ಷರ.

‘ಅಮ್ಮ, ಉತ್ತರ ಬಂದಿಲ್ಲ ಅಂತ ಬಂದಿದೆ.’ ‘ಮರೆತಿದ್ದೀಯ ಅಲ್ವಾ, ಮರೆತಿದ್ರೆ ಪರವಾಗಿಲ್ಲ.’ ‘ಯಾರು ನೋಡ್ಕೋತಿದ್ದಾರೋ ಅವರಾದ್ರೂ ಒಂದು ಮಾತು ಹೇಳಿ, ದಮ್ಮಯ್ಯ.’ ‘ಗ್ಯಾಸ್ ಆರಿಸಿಲ್ಲ ಅಂತ ರೇಗಿದ್ದು ತಪ್ಪಾಯ್ತು. ಇನ್ನು ರೇಗಲ್ಲ. ಒಂದ್ಸಲ ಒತ್ತು ಅಮ್ಮ.’

ಕೊನೆಯದನ್ನು ಎರಡು ಸಲ ಓದಿದೆ. ಫೋನನ್ನು ತೆಗೆದುಕೊಂಡು ಹೋಗಿ ಸರಿಯಪ್ಪನ ಮೇಜಿನ ಮೇಲೆ ಕುಕ್ಕಿದೆ. ‘ಹಾಸ್ಯಕ್ಕೂ ಒಂದು ಮಿತಿ ಇರುತ್ತೆ. ನಿಮ್ಮ ಹೆಂಡತಿಗೂ ಹೇಳಿ’ ಎಂದೆ.

‘ಯಾವ ಹಾಸ್ಯ?’ ಎಂದು ಅವನು ನಗುತ್ತಲೇ ಫೋನು ಎತ್ತಿಕೊಂಡ. ಒಂದೊಂದೇ ಓದುತ್ತಾ ಹೋದ. ನಗು ಎಲ್ಲಿ ನಿಂತಿತು ಎಂದು ನಾನು ನೋಡುತ್ತಲೇ ಇದ್ದೆ. ಕಂಪ್ಯೂಟರಿನ ಕಡೆ ತಿರುಗಿ ಏನೋ ತೆರೆದ. ‘ಮೇಡಂ’ ಎಂದ. ‘ಗೇಟು ತೆಗೆದೇ ಇದೆ.’

ಹಿಂದಿನ ತಿಂಗಳು ತನ್ನ ಫೋನಿಗೆ ಮೆಸೇಜು ಬರುತ್ತದೆಯೇ ನೋಡಲು ತೆಗೆದವನು ಮುಚ್ಚಿರಲೇ ಇಲ್ಲ. ‘ಮುಚ್ಚಿದ್ದೀನಿ ಅಂದ್ಕೊಂಡೇ ಹೇಳ್ದೆ ಮೇಡಂ, ದೇವರಾಣೆ’ ಎಂದ. ಅವನು ಸುಳ್ಳು ಹೇಳಿರಲಿಲ್ಲ. ನೋಡಿರಲಿಲ್ಲ, ಅಷ್ಟೇ. ನೋಡಬೇಕಾದವಳು ನಾನು. ಹಾಲಿನವನಿಂದ ಹಿಡಿದು ಹೆತ್ತ ತಾಯಿಯವರೆಗೆ ಎಲ್ಲರನ್ನೂ ಸಂಶಯದಿಂದ ನೋಡಿದವಳು ಅದೊಂದು ಮಾತನ್ನು ಮಾತ್ರ ನಂಬಿ ಕೂತಿದ್ದೆ.

ಆ ನಂಬರಿನ ಕೊನೆಯಲ್ಲಿ ಯಾರೋ ಇದ್ದಾರೆ. ಅವರ ಅಮ್ಮ ಎಲ್ಲೋ ಕಳೆದುಹೋಗಿದ್ದಾರೆ. ‘ಚೆನ್ನಾಗಿದ್ದಾರೆ’ ಎಂದು ದಿನಾ ಹೇಳುತ್ತಿದ್ದವಳು ನಾನು.

ಮ್ಯಾನೇಜರಿಗೆ ಹೇಳಿದೆವು. ಬಾಗಿಲು ಹಾಕಿಕೊಂಡರು. ‘ಗೇಟ್ ಮುಚ್ಚಿ, ಖಾತೆ ಅಳಿಸಿ. ನೀವಾಗಿ ಫೋನ್ ಗೀನ್ ಮಾಡೋಕೆ ಹೋಗ್ಬೇಡಿ. ಕಂಪನಿಗೂ ತೊಂದರೆ, ನಿಮ್ಗೂ ತೊಂದರೆ. ಮೆಸೇಜ್ ನಿಂತ್ರೆ ಅವರೇ ಮರೀತಾರೆ’ ಎಂದರು.

ಮರೆಯುತ್ತಾರಂತೆ.

ಮಾರ್ಚ್ 18, ಮಂಗಳವಾರ

ಮನೆಗೆ ಬಂದು, ನನ್ನ ಸ್ವಂತ ಫೋನಿನಿಂದ ಮಾಡಿದೆ. ಬೆರಳು ತಾನೇ ನಡುವಿನ ಸಾಲಿನಲ್ಲಿ ಇಳಿಯಿತು, ಹತ್ತಿತು, ಇಳಿಯಿತು.

‘ಅಮ್ಮಾ?’ ಎಂದಿತು ಒಂದು ಹೆಂಗಸಿನ ದನಿ.

ಹೇಳಬೇಕಾದ್ದನ್ನು ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಎಲ್ಲ ತಲೆಕೆಳಗಾಗಿ ಬಂತು. ಇಂಥ ಕಡೆ ಕೆಲಸ ಮಾಡುತ್ತೇನೆ, ಮೆಸೇಜು ನಿಮ್ಮ ಅಮ್ಮನದ್ದಲ್ಲ, ಪರೀಕ್ಷೆಗೆ ನಾನು ಒತ್ತಿದ್ದು, ನಂಬರು ಸುಮ್ಮನೆ ಹಾಕಿದ್ದು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

‘ಅವಳು ಅಲ್ಲೇ ಪಕ್ಕದಲ್ಲಿ ಇದ್ದಾಳೆ ಅಲ್ವಾ?’ ಎಂದಳು. ‘ಹೀಗೆ ಹೇಳಿ ಅಂತ ಅವಳೇ ಹೇಳ್ಕೊಟ್ಟಿದ್ದಾಳೆ. ಕೋಪ ಇದ್ರೆ ಇರ್ಲಿ, ಫೋನ್ ಕೊಡಿ.’

‘ಇಲ್ಲ, ನಿಜವಾಗ್ಲೂ—’

‘ಸುಮ್ನೆ ಹಾಕಿದ್ದು ಅಂತೀರಲ್ಲ, ಪ್ರಪಂಚದಲ್ಲಿ ಇರೋ ಅಷ್ಟೂ ನಂಬರಲ್ಲಿ ನಿಮ್ಗೆ ಇದೇ ಸಿಕ್ತಾ? ಅಮ್ಮನಿಗೆ ಓದೋಕೆ ಬರಲ್ಲ. ಅವಳಿಗೆ ನೆನಪಿರ್ಲಿ ಅಂತಾನೇ ಹತ್ತು ಅಂಗಡಿ ಸುತ್ತಿ ಈ ನಂಬರ್ ತಗೊಂಡಿದ್ದು. ನಡುವಿನ ಸಾಲು ಇಳಿ, ಹತ್ತು, ಮತ್ತೆ ಇಳಿ ಅಂತ ಹೇಳ್ಕೊಟ್ಟಿದ್ದೆ. ನನ್ನ ಹೆಸರು ಮರೆತ ದಿನಾನೂ ಅವಳ ಬೆರಳಿಗೆ ಇದು ನೆನಪಿತ್ತು. ಅವಳಲ್ಲದೆ ಇನ್ಯಾರು ಒತ್ತುತ್ತಾರೆ?’

ಅವಳ ಅಮ್ಮನಿಗೆ ಯಾವುದು ಸುಲಭವೋ ನನ್ನ ಸೋಮಾರಿ ಬೆರಳಿಗೂ ಅದೇ ಸುಲಭವಾಗಿತ್ತು ಎಂದು ಹೇಗೆ ಹೇಳುವುದು?

‘ಯಾವಾಗಿಂದ ಕಾಣ್ತಿಲ್ಲ?’ ಎಂದು ಕೇಳಿದೆ.

ಹೋದ ತಿಂಗಳು ಪಕ್ಕದ ಮನೆಯ ಪಾತ್ರೆ ವಾಪಸ್ ಕೊಟ್ಟು ಬರುತ್ತೇನೆ ಎಂದು ಹೋದವರಂತೆ. ಇವಳು ಆಸ್ಪತ್ರೆ, ಬಸ್ ನಿಲ್ದಾಣ, ಮಾರುಕಟ್ಟೆ ಎಲ್ಲ ಅಲೆಯುತ್ತಿದ್ದಳಂತೆ. ‘ನಿಮ್ಮ ಮೆಸೇಜ್ ಬಂದ ಮೇಲೆ ನಿಲ್ಲಿಸ್ದೆ. ಪೊಲೀಸರಿಗೂ ತೋರಿಸ್ದೆ. ಚೆನ್ನಾಗಿದ್ದಾರಲ್ಲಮ್ಮ, ಕೋಪ ಇಳಿದ್ರೆ ಬರ್ತಾರೆ ಬಿಡಿ ಅಂದ್ರು. ಈಗ ನೀವು ಅದು ಸುಳ್ಳು ಅಂತಿದ್ದೀರ. ಏನ್ ಸಾಕ್ಷಿ ಇದೆ?’

ಸಾಕ್ಷಿ. ಎಲ್ಲರನ್ನೂ ನಾನು ಕೇಳುವ ಪ್ರಶ್ನೆ ಅದು. ‘ಬಂದು ನೋಡಿ’ ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಗುಂಡಿಯ ಮೇಲೂ ಅದೇ ಬರೆದಿತ್ತಲ್ಲ.

ಅಳಿಸಿ ಎಂದಿದ್ದ ಖಾತೆಯನ್ನು ನಾನಿನ್ನೂ ಅಳಿಸಿಲ್ಲ.

ಮಾರ್ಚ್ 20, ಗುರುವಾರ

ಮಧ್ಯಾಹ್ನ ಮ್ಯಾನೇಜರ್ ಊಟಕ್ಕೆ ಹೋದಾಗ ಬಂದಳು. ನನ್ನ ವಯಸ್ಸಿನವಳೇ. ಬ್ರೆಡ್ ಮಾಡುವ ಕಡೆ ಕೆಲಸ. ಮುಂಗೈಯಲ್ಲಿ ಹಿಟ್ಟು ಒಣಗಿ ಅಂಟಿಕೊಂಡಿತ್ತು. ಕೂರಿ ಎಂದರೆ ಕೂರಲಿಲ್ಲ. ಕೋಣೆಯ ಮೂಲೆಮೂಲೆ ಕಣ್ಣಿನಲ್ಲೇ ಹುಡುಕಿದಳು. ಒಳಗಿನ ಬಾಗಿಲು ತೋರಿಸಿ ‘ಅಲ್ಲೇನಿದೆ?’ ಎಂದಳು. ಹಳೇ ಕುರ್ಚಿಗಳು ಎಂದೆ. ತೆರೆದು ನೋಡಿದಳು. ಕುರ್ಚಿಗಳಿದ್ದವು.

‘ಮೆಸೇಜು ಕಳಿಸೋ ಫೋನು ನನ್ನ ಕೈಗೆ ಕೊಡಿ’ ಎಂದಳು. ‘ನಾನೇ ಒತ್ತಬೇಕು. ನೀವಿಬ್ರೂ ದೂರ ಹೋಗಿ, ಕೈ ಕಾಣೋ ಹಾಗೆ ನಿಲ್ಲಿ.’

ನಾನೂ ಸರಿಯಪ್ಪನೂ ಕಳ್ಳರ ಹಾಗೆ ಗಾಜಿಗೆ ಒರಗಿ ನಿಂತೆವು. ಗೇಟನ್ನು ಆ ಒಂದು ನಂಬರಿಗೆ ಮಾತ್ರ ಅವನು ಮತ್ತೆ ತೆರೆದಿದ್ದ. ನಾನು ಹೇಳಿರಲಿಲ್ಲ, ಅವನೇ ಬಂದು ‘ತೆಗೀಲಾ ಮೇಡಂ?’ ಎಂದು ಕೇಳಿದ್ದ.

ಅವಳು ಪರದೆ ನೋಡಿದಳು. ತಾನು ಬರೆದದ್ದೆಲ್ಲ ಅಲ್ಲಿ ದೊಡ್ಡಕ್ಷರದಲ್ಲಿತ್ತು. ಒಂದು ಸಲ ಮೇಲಿಂದ ಕೆಳಗೆ ಸರಿಸಿದಳು. ಆಮೇಲೆ ಹಸಿರು ಗುಂಡಿ ಒತ್ತಿದಳು.

ಅವಳ ಚೀಲದೊಳಗೆ ಫೋನು ಸದ್ದು ಮಾಡಿತು.

ಏನು ಬಂದಿದೆ ಎಂದು ಗೊತ್ತಿದ್ದೂ ಅದನ್ನು ಹೊರತೆಗೆದು ಓದಿದಳು. ತುಟಿಗಳು ಅಲುಗುತ್ತಿದ್ದವು. ‘ಅಮ್ಮ ಚೆನ್ನಾಗಿದ್ದಾರೆ.’ ಎರಡೂ ಕೈಯಲ್ಲಿ ಎರಡು ಫೋನು ಹಿಡಿದು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದಳು. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

‘ಇನ್ನೊಂದ್ಸಲ ಒತ್ಲಾ?’ ಎಂದು ಕೇಳಿದಳು.

‘ಒತ್ತಿ’ ಎಂದೆ.

ಒತ್ತಿದಳು. ಮತ್ತೆ ಸದ್ದಾಯಿತು. ಈ ಸಲ ಓದಲಿಲ್ಲ. ಪರೀಕ್ಷೆಯ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು ಕುರ್ಚಿಯಲ್ಲಿ ಕುಸಿದಳು. ಸರಿಯಪ್ಪ ನೀರು ತಂದ. ಲೋಟ ಅವಳ ಮುಂದಿಟ್ಟು ಅವನೇ ಕಣ್ಣು ಒರೆಸಿಕೊಂಡು ಆಚೆ ಹೋದ. ನಾನು ಇಷ್ಟು ದಿನ ನಾಟಕದವರು ಎಂದು ಬರೆದದ್ದು ಇವರನ್ನು.

‘ಭಾನುವಾರ ರಜೆ ಇದೆ ನನಗೆ’ ಎಂದೆ.

‘ಯಾಕೆ?’ ಎಂದು ಕೇಳಿದಳು, ಅನುಮಾನದಿಂದಲೇ.

‘ಹುಡುಕೋಕೆ.’

ಮಾರ್ಚ್ 21, ಶುಕ್ರವಾರ

ತಪ್ಪಿನ ವರದಿ ಬರೆದೆ. ಗೇಟು ತೆರೆದಿತ್ತು, ಪರೀಕ್ಷಿಸಿದವಳು ಅದನ್ನು ಪರೀಕ್ಷಿಸಲಿಲ್ಲ, ಹೊರಗಿನ ಒಬ್ಬರಿಗೆ ಹಾನಿಯಾಗಿದೆ. ಹೆಸರು ನನ್ನದೇ ಹಾಕಿದೆ. ವರದಿಯನ್ನೇ ತೆಗೆಯಿರಿ ಎಂದರು ಮ್ಯಾನೇಜರ್. ತೆಗೆಯಲಿಲ್ಲ. ‘ಸೋಮವಾರ ಮಾತಾಡೋಣ’ ಎಂದರು, ಈ ಸಲ ನಗದೆ.

ಸಂಜೆ ಅಮ್ಮನ ಫೋನು, ರಿಪೇರಿಯಾಗಿ ಬಂದಿದೆಯಂತೆ. ಊಟಕ್ಕೆ ಏನು ಮಾಡಿಕೊಂಡೆ ಎಂದು ಹೇಳಿದೆ. ಅವಳೇನು ಮಾಡಿದಳು ಎಂದೂ ಕೇಳಿದೆ. ಬಹಳ ಹೊತ್ತು ಮಾತಾಡಿದೆವು. ವಿಷಯ ಏನೂ ಇರಲಿಲ್ಲ.

ಮಾರ್ಚ್ 23, ಭಾನುವಾರ

ಕಾಲು ಊದಿಕೊಂಡಿದೆ, ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸರಿಯಪ್ಪ ಕಳೆದುಹೋದ ಆ ಅಮ್ಮನ ಫೋಟೋದ ಪ್ರತಿ ತೆಗೆಸಿಕೊಂಡು ಬಂದಿದ್ದ, ಕೆಳಗೆ ಮಗಳ ನಂಬರು ದೊಡ್ಡಕ್ಷರದಲ್ಲಿ. ಅವನು ಆಸ್ಪತ್ರೆಗಳ ಕಡೆ ಹೋದ. ನಾನೂ ಅವಳೂ ಬಸ್ ನಿಲ್ದಾಣದಿಂದ ಶುರು ಮಾಡಿದೆವು. ಟೀ ಅಂಗಡಿ, ಹಣ್ಣಿನ ಗಾಡಿ, ಶೌಚಾಲಯದ ಬಾಗಿಲಲ್ಲಿ ಕೂರುವ ಹೆಂಗಸು, ಯಾರನ್ನೂ ಬಿಡಲಿಲ್ಲ. ಬಹಳ ಜನ ಫೋಟೋ ನೋಡುವ ಮೊದಲೇ ತಲೆಯಾಡಿಸಿದರು.

ನಿಲ್ದಾಣದ ಹಿಂದೆ ಚಪ್ಪಲಿ ಹೊಲಿಯುವ ಒಬ್ಬ ಮುದುಕರು ಫೋಟೋವನ್ನು ಬಿಸಿಲಿಗೆ ಹಿಡಿದರು. ‘ನೋಡಿದ ಹಾಗಿದೆ’ ಎಂದರು. ‘ಇವರೇ ಅಂತ ಹೇಳೋಕಾಗಲ್ಲ. ನಾಕೈದು ದಿನ ಆಯ್ತೇನೋ. ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ ಆಯಮ್ಮಂಗೆ. ನನ್ನ ಫೋನ್ ಇಸ್ಕೊಂಡು ಏನೋ ಒತ್ತೋಕೆ ನೋಡಿದ್ರು. ಎಲ್ಲಿದೆ ಸಾಲು, ಎಲ್ಲಿದೆ ಸಾಲು ಅಂತ ಗಾಜು ಸವರ್ತಾ ಇದ್ರು. ಆಗ್ಲಿಲ್ಲ. ವಾಪಸ್ ಕೊಟ್ಟು ಹೋದ್ರು.’

ಪಕ್ಕದಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು.

‘ಯಾವ ಕಡೆ ಹೋದ್ರು?’ ಎಂದು ಕೇಳಿದೆ. ಅವರು ಮಾರುಕಟ್ಟೆಯ ಕಡೆ ಕೈ ತೋರಿಸಿದರು. ಕತ್ತಲಾಗುವವರೆಗೂ ಅತ್ತ ಹುಡುಕಿದೆವು. ಸಿಗಲಿಲ್ಲ.

ನಾಳೆ ಕೆಲಸ ಮುಗಿಸಿ ಅವಳು ಮಾರುಕಟ್ಟೆಯ ಮುಂಬಾಗಿಲಿನಿಂದ ಬರುತ್ತಾಳೆ, ನಾನು ಹಿಂಬಾಗಿಲಿನಿಂದ. ಬಸ್ ಹತ್ತುವ ಮೊದಲು ಅವಳು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಕನ್ನಡಕ ತೆಗೆದು ನನ್ನ ಕೈಗಿಟ್ಟಳು. ‘ಯಾರಿಗೆ ಮೊದಲು ಸಿಗ್ತಾಳೋ ಗೊತ್ತಿಲ್ಲ. ನಿಮ್ಮ ಹತ್ರಾನೇ ಇರ್ಲಿ’ ಎಂದಳು.